ರಕ್ತಕಣದ ದೃಷ್ಟಾಂತ ಮತ್ತು ಶಕ್ತ್ಯನುಸಾರ ತಪ

ಬಸವನ ಬಾಗೇವಾಡಿಯಾಗಲಿ ಇಂಡಿಯಾಗಲಿ, ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ಶ್ರಾವಕರ ಮನೆಗಳಲ್ಲಿ ಏಕಾಶನ, ಉಪವಾಸಗಳ ಸಂಕಲ್ಪ ನಡೆಯುತ್ತದೆ. ಅನೇಕ ವೇಳೆ ಎಲ್ಲರಿಗಿಂತ ಬಳಲಿದ ಗೃಹಿಣಿಯೇ ಎಲ್ಲರಿಗಿಂತ ಕಠಿಣವಾದ ನಿಯಮವನ್ನು ಹಿಡಿಯುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಆದುದರಿಂದ ರಕ್ತವು ಹುಟ್ಟುವ ಬಗೆಯನ್ನು ವ್ರತಧಾರಿಗಳು ಅರಿಯುವುದು ಯುಕ್ತ.

ಕೆಂಪು ರಕ್ತಕಣವು ಎಲುಬಿನ ಮಜ್ಜೆಯಲ್ಲಿ ಜನಿಸುತ್ತದೆ. ಬೆಳೆಯುವಾಗ ಅದರಲ್ಲಿ ಹಿಮೋಗ್ಲೋಬಿನ್ ಎಂಬ ಪ್ರೋಟೀನು ತುಂಬುತ್ತದೆ. ಅದರ ಕಬ್ಬಿಣವೇ ಪ್ರಾಣವಾಯುವನ್ನು ಹೊರುವುದು. ಆದರೆ ಈ ಎರಡೂ ಕೂಡಿದಲ್ಲಿ ಕಣವನ್ನೇ ಕೆಡಿಸುವ ಉಗ್ರ ಅಣುಗಳೂ ಹುಟ್ಟುತ್ತವೆ. ಇವು ಮಿತಿಮೀರುವುದೇ ಉತ್ಕರ್ಷಣ ಒತ್ತಡ. ಇದನ್ನು ತಡೆಯುವ ಕ್ಯಾಟಲೇಸ್ ಮೊದಲಾದ ರಕ್ಷಕ ಪ್ರೋಟೀನುಗಳು ಬೆಳವಣಿಗೆಯ ಕಾಲದಲ್ಲಿಯೇ ಸಿದ್ಧವಾಗಬೇಕು. ಏಕೆಂದರೆ ಪಕ್ವವಾದ ಕಣಕ್ಕೆ ಕೋಶಕೇಂದ್ರವಿಲ್ಲ; ಅದು ಹೊಸ ಪ್ರೋಟೀನನ್ನು ರಚಿಸಲಾರದು. ಮೊದಲೇ ಕಟ್ಟಿಕೊಂಡ ಬುತ್ತಿಯಿಂದಲೇ ಅದು ಸುಮಾರು 120 ದಿನ ಬಾಳಬೇಕು.

ಕಬ್ಬಿಣವು ಸಾಲದಾದರೆ ಅದರಿಂದಾಗುವ ಹೀಮ್ ಎಂಬ ದ್ರವ್ಯವೂ ಕುಂದುತ್ತದೆ. ಆಗ ಒಂದು ನಿಯಂತ್ರಕ ಪ್ರೋಟೀನು ಗ್ಲೋಬಿನ್ನಿನ ರಚನೆಯನ್ನು ತಗ್ಗಿಸುತ್ತದೆ. ಹೀಮ್ ದೊರೆಯದ ಗ್ಲೋಬಿನ್ ಗಡ್ಡೆಗಟ್ಟಿ ಕಣವನ್ನು ಹಾಳುಮಾಡುವುದು ಹೀಗೆ ತಪ್ಪುತ್ತದೆ. ಕಣವು ಚಿಕ್ಕದಾಗುತ್ತದೆ, ಬಣ್ಣ ಮಾಸುತ್ತದೆ, ಆದರೂ ಉಳಿಯುತ್ತದೆ.

ರಕ್ತಕಣವು ಪುದ್ಗಲ, ಅದಕ್ಕೆ ವ್ರತವಿಲ್ಲ. ಆದರೆ ದೃಷ್ಟಾಂತವಾಗಿ ಅದು ಗ್ರಾಹ್ಯ. ಷೋಡಶಕಾರಣ ಭಾವನೆಗಳಲ್ಲಿ ತಪವು ಶಕ್ತಿಗೆ ತಕ್ಕಂತೆ ಇರಬೇಕೆಂದೇ ಹೇಳಿದೆ. ಶಕ್ತಿಯನ್ನು ಮರೆಮಾಚುವುದೂ ಸಲ್ಲದು, ಮೀರುವುದೂ ಸಲ್ಲದು. ಬಾಹ್ಯತಪಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಸ್ವಾಧ್ಯಾಯವಾದರೋ ಅಂತರಂಗ ತಪ.

ಒಂದು ದಿನದ ಉಪವಾಸದಿಂದ ಸ್ವಸ್ಥರ ರಕ್ತ ಕುಂದದು. ವರ್ಷವಿಡೀ ಆಹಾರದಲ್ಲಿರುವ ಕೊರತೆಯೇ ಕುಂದಿಸುವುದು. ಜೋಳದ ರೊಟ್ಟಿಯೊಡನೆ ಹುರುಳಿ, ಹೆಸರುಕಾಳುಗಳಿರಲಿ. ಇಂಡಿಯ ತೋಟಗಳ ನಿಂಬೆಯ ರಸವು ಧಾನ್ಯದ ಕಬ್ಬಿಣವನ್ನು ದೇಹವು ಹೀರಲು ನೆರವಾಗುತ್ತದೆ. ಊಟದೊಡನೆ ಕುಡಿದ ಚಹವು ಅಡ್ಡಿಯಾಗುತ್ತದೆ. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಏಕಾಶನದ ವೇಳೆಯಲ್ಲಿಯೇ ಸೇವಿಸಬಹುದು. ರಕ್ತಹೀನರೂ ಗರ್ಭಿಣಿಯರೂ ಬಾಣಂತಿಯರೂ ಸಂಕಲ್ಪಕ್ಕೆ ಮೊದಲು ರಕ್ತವನ್ನು ಪರೀಕ್ಷೆ ಮಾಡಿಸಿ, ವೈದ್ಯರ ಅಭಿಪ್ರಾಯವನ್ನು ಪಡೆದು, ರಸಪರಿತ್ಯಾಗ, ಸ್ವಾಧ್ಯಾಯಗಳಲ್ಲಿ ತಮಗೆ ತಕ್ಕುದನ್ನು ಆರಿಸಿಕೊಳ್ಳುವುದು ಲೇಸು. ಮನೆಯ ಹಿರಿಯರು ಅಂಥವರನ್ನು ಹಿಂಜರಿದವರೆಂದು ಎಣಿಸಬಾರದು. ಕೊನೆಯವರೆಗೆ ಸಮಭಾವದಿಂದ ನಡೆದ ಕಿರಿಯ ನಿಯಮವು ನಡುವೆ ಮುರಿದ ಹಿರಿಯ ವ್ರತಕ್ಕಿಂತ ಶ್ರೇಯಸ್ಕರ.