ಬಿಸಿಯೂಟಕ್ಕೆ ಅರ್ಜಿ ಬೇಡ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು

ಬೆಂಗಳೂರಿನ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆ: ಶಾಲೆಯ ಊಟಕ್ಕೆ ಅರ್ಜಿ ಎಲ್ಲಿ ಹಾಕಬೇಕು? ಬಿಪಿಎಲ್ ಕಾರ್ಡ್ ಊರಿನ ವಿಳಾಸದಲ್ಲಿದೆ, ನಡೆಯುತ್ತದೆಯೇ? ಆದಾಯ ಪ್ರಮಾಣಪತ್ರ ಎಷ್ಟು ಹಳೆಯದಿದ್ದರೆ ಆದೀತು? ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸದವರ ಮಕ್ಕಳಿಗೆ ನೆರವಾಗಲು ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳೂ ಇದೇ ಅರ್ಜಿ ಹುಡುಕುತ್ತಾರೆ. ಅಮೆರಿಕದಲ್ಲಿ ಇದ್ದು ಬಂದವರಾದರೆ ಅದು ಸಹಜ. ಅಲ್ಲಿ ಕುಟುಂಬದ ಆದಾಯ ಬಡತನ ರೇಖೆಯ ಶೇ 130ರೊಳಗಿದ್ದರೆ ಊಟ ಉಚಿತ, ಶೇ 185ರವರೆಗೆ ರಿಯಾಯಿತಿ ದರ.

ನಮ್ಮಲ್ಲಿ ಹಾಗಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದುವ ಪ್ರತಿ ಮಗುವಿಗೂ ಊಟ ಉಚಿತ. ಜಾತಿ, ಆದಾಯ, ರೇಷನ್ ಕಾರ್ಡ್ ಯಾವುದನ್ನೂ ಕೇಳುವಂತಿಲ್ಲ. ರಿಯಾಯಿತಿ ದರ ಎಂಬುದೇ ಇಲ್ಲ. 2001ರಲ್ಲಿ ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶ ಬಂತು, 2002ರಲ್ಲಿ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ಉಳಿದೆಡೆಗೂ ಹಬ್ಬಿತು, 2013ರ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿವರೆಗಿನ ಊಟವನ್ನು ಮಕ್ಕಳ ಹಕ್ಕಾಗಿಸಿತು. ಒಂಬತ್ತು, ಹತ್ತನೇ ತರಗತಿಯವರ ಖರ್ಚು ರಾಜ್ಯ ಸರ್ಕಾರದ್ದು. ಊಟ ಕೊಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಶಾಲೆ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಖಾಸಗಿ ಅನುದಾನರಹಿತ ಶಾಲೆಯಲ್ಲಿ ಬಿಸಿಯೂಟವಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಶುಲ್ಕವಿಲ್ಲದೆ ಸೀಟು ಸಿಕ್ಕ ಮಗುವಿಗೂ ಅಲ್ಲಿ ಊಟವಿಲ್ಲ. ಆದಾಯ, ಜಾತಿ ಪ್ರಮಾಣಪತ್ರ ಬೇಕಾಗುವುದು ಆ ಸೀಟಿಗೆ, ವಿದ್ಯಾರ್ಥಿವೇತನಕ್ಕೆ. ಊಟಕ್ಕಲ್ಲ. ಇನ್ನೊಂದು ಸೂಕ್ಷ್ಮವಿದೆ. ಒಂದೇ ಆಡಳಿತ ಮಂಡಳಿ, ಒಂದೇ ಕಾಂಪೌಂಡು, ಆದರೆ ಕನ್ನಡ ಮಾಧ್ಯಮಕ್ಕೆ ಅನುದಾನ, ಇಂಗ್ಲಿಷ್ ಮಾಧ್ಯಮಕ್ಕೆ ಇಲ್ಲ ಎಂಬ ಶಾಲೆಗಳುಂಟು. ಬೋರ್ಡ್ ನೋಡಿ ನಂಬಬೇಡಿ. ‘ನನ್ನ ಮಗು ಸೇರುವ ತರಗತಿಗೆ ಬಿಸಿಯೂಟ ಇದೆಯೇ?’ ಎಂದು ಮುಖ್ಯ ಶಿಕ್ಷಕರನ್ನೇ ಕೇಳಿ.

ಬಾಡಿಗೆ ಕಟ್ಟಿ ಉಳಿದದ್ದನ್ನೆಲ್ಲ ಕಾನ್ವೆಂಟಿನ ಶುಲ್ಕಕ್ಕೆ ಸುರಿದು, ಮಗುವಿನ ಬ್ಯಾಗಿಗೆ ಐದು ರೂಪಾಯಿಯ ಬಿಸ್ಕತ್ತು ಹಾಕಿ ಗಾರ್ಮೆಂಟ್ಸ್ ಬಸ್ ಹತ್ತುವ ತಾಯಂದಿರು ಇಲ್ಲಿ ಬಹಳ. ಶಾಲೆ ಆರಿಸುವುದು ಅವರವರ ಹಕ್ಕು, ನಿಜ. ಆದರೆ ಲೆಕ್ಕ ಹಾಕುವಾಗ ಮಧ್ಯಾಹ್ನದ ಬಿಸಿ ಅನ್ನ, ಬೆಳಗಿನ ಹಾಲು, ಮೊಟ್ಟೆಯನ್ನೂ ಸೇರಿಸಿ ನೋಡಿ ಎಂಬುದು ನನ್ನ ಸಲಹೆ.

ಟಿ.ಸಿ. ಬರುವವರೆಗೆ ಕಾಯಬೇಡಿ

ಹಳೆಯ ಶಾಲೆಯ ಟಿ.ಸಿ.ಗಾಗಿ (ವರ್ಗಾವಣೆ ಪ್ರಮಾಣಪತ್ರ) ಕಾಯುತ್ತಲೇ ಬಹಳಷ್ಟು ಮಕ್ಕಳು ಊಟ ಕಳೆದುಕೊಳ್ಳುತ್ತಾರೆ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಕುಟುಂಬಗಳು ಬರುವುದು ಜೂನ್ ತಿಂಗಳಿಗೇ ಅಲ್ಲ. ಬಿತ್ತನೆ ಮುಗಿದ ಮೇಲೆ, ಸುಗ್ಗಿ ಕೈಕೊಟ್ಟ ಮೇಲೆ, ಮೇಸ್ತ್ರಿ ಕರೆದಾಗ ಬರುತ್ತಾರೆ. ಲಗ್ಗೆರೆಯ ಗಲ್ಲಿಯಲ್ಲಿ ಸಿಂಧನೂರು ಕಡೆಯ ತಾಯಿಯೊಬ್ಬರು ಪ್ಲಾಸ್ಟಿಕ್ ಕವರ್ ಬಿಚ್ಚಿ ತೋರಿಸಿದರು: ರೇಷನ್ ಕಾರ್ಡಿನ ಜೆರಾಕ್ಸ್, ಮಗಳ ಆಧಾರ್, ಮೂರನೇ ಇಯತ್ತೆಯ ಪ್ರಗತಿ ಪತ್ರ. ‘ಟಿ.ಸಿ. ಊರಾಗ ಐತ್ರಿ. ದೀಪಾವಳಿಗೆ ಹೋಗಿ ತರ್ತೀವಿ, ಆಮ್ಯಾಲೆ ಸಾಲಿಗೆ ಹಚ್ಚಿದ್ರಾತು’ ಎಂದರು. ಆಗಿನ್ನೂ ಆಗಸ್ಟ್. ಮಗಳು ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಆ ಕವರಿನಲ್ಲಿದ್ದ ಪ್ರಗತಿ ಪತ್ರವೊಂದೇ ಸಾಕಿತ್ತು, ಅವಳು ಮರುದಿನವೇ ಶಾಲೆಯಲ್ಲಿ ಉಣ್ಣಬಹುದಿತ್ತು.

ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ, ಟಿ.ಸಿ. ತಡವಾಯಿತೆಂದು 6ರಿಂದ 14 ವರ್ಷದ ಮಗುವಿನ ಪ್ರವೇಶವನ್ನು ಮುಂದೂಡುವಂತಿಲ್ಲ, ನಿರಾಕರಿಸುವಂತಿಲ್ಲ. ಟಿ.ಸಿ. ಕೊಡಲು ಸತಾಯಿಸುವ ಹಳೆಯ ಶಾಲೆಯ ಮುಖ್ಯಸ್ಥರ ಮೇಲೆ ಶಿಸ್ತುಕ್ರಮಕ್ಕೂ ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಜನನ ಪ್ರಮಾಣಪತ್ರ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ (ಸೆಕ್ಷನ್ 14), ವರ್ಷದ ನಡುವೆ ಬಂದರೆಂದೂ ಕಳಿಸುವಂತಿಲ್ಲ (ಸೆಕ್ಷನ್ 15). ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು (ಸೆಕ್ಷನ್ 4). ಈ ಸೆಕ್ಷನ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಬಾಯಿಮಾತಿಗಿಂತ ಅದು ಕೆಲಸಕ್ಕೆ ಬರುತ್ತದೆ.

ಹೋಗುವಾಗ ಹಳೆಯ ಶಾಲೆಯ ಸ್ಯಾಟ್ಸ್ ಸಂಖ್ಯೆ (ಮಗುವಿನ ಆನ್‌ಲೈನ್ ದಾಖಲೆಯ ಸಂಖ್ಯೆ) ಗೊತ್ತಿದ್ದರೆ ಒಯ್ಯಿರಿ. ಊರಿನ ಮೇಷ್ಟ್ರಿಗೆ ಫೋನ್ ಮಾಡಿದರೆ ಹೇಳುತ್ತಾರೆ. ಅದಿದ್ದರೆ ದಾಖಲೆ ಕೆಲಸ ಸಲೀಸು, ಇಲ್ಲದಿದ್ದರೂ ಪ್ರವೇಶ ನಿಲ್ಲಬಾರದು. ‘ನಾಳೆ ಬನ್ನಿ’ ಎಂದು ಎರಡನೇ ಸಲ ಹೇಳಿಸಿಕೊಂಡರೆ, ಒಂದು ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ಬಂದ ತಾರೀಕು ಬರೆದು ಪ್ರವೇಶ ಕೋರಿ ಮನವಿ ಕೊಡಿ. ನಕಲಿನ ಮೇಲೆ ಸಹಿ ಕೇಳಿ. ಬರೆಯಲು ಬಾರದವರಿಗೆ ಓದುಗರೇ ಬರೆದುಕೊಡಬಹುದು. ಸಹಿ ಸಿಗದಿದ್ದರೆ ಅದೇ ಹಾಳೆಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ. ಹದಿನಾಲ್ಕು ದಾಟಿ ಒಂಬತ್ತು, ಹತ್ತಕ್ಕೆ ಸೇರುವವರಿಗೆ ಮಾತ್ರ ಈ ರಕ್ಷಣೆ ಅನ್ವಯಿಸದು, ಅವರು ಟಿ.ಸಿ. ತರಿಸಿಕೊಳ್ಳುವುದೇ ಒಳಿತು.

ತಟ್ಟೆಗೆ ಬರುವುದು

ಐದನೇ ತರಗತಿವರೆಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯದ ಲೆಕ್ಕ, ಜೊತೆಗೆ ಬೇಳೆ, ತರಕಾರಿ. ಬೆಂಗಳೂರಿನ ಬಹಳಷ್ಟು ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲಿ ಬರುತ್ತದೆ. 2000ದಲ್ಲಿ ಇಲ್ಲೇ ಐದು ಶಾಲೆಗಳಿಂದ ಶುರುವಾದ ಅಕ್ಷಯ ಪಾತ್ರ ಅಂಥದ್ದೊಂದು. ಅವರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ರೊಟ್ಟಿ ತಿಂದು ಬೆಳೆದ ಮಗು ಮೊದಲ ವಾರ ‘ಸಪ್ಪಗೈತಿ’ ಎಂದು ತಟ್ಟೆ ಬಿಟ್ಟು ಬಂದರೆ ಗಾಬರಿಯಾಗಬೇಡಿ, ಊಟವನ್ನೂ ಬಿಡಿಸಬೇಡಿ.

2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಡಿ 150 ಮಿ.ಲೀ. ಹಾಲು ಸಿಗುತ್ತದೆ, 2024ರಿಂದ ವಾರದಲ್ಲಿ ಮೂರು ದಿನ ಅದರೊಂದಿಗೆ ರಾಗಿ ಮಾಲ್ಟ್. ಇದು ಬೆಳಗಿನ ಹೊತ್ತಿನದು, ತಡವಾಗಿ ಬಂದ ಮಗುವಿಗೆ ತಪ್ಪಿಹೋಗುತ್ತದೆ. ಮೊಟ್ಟೆ ಮೊದಲು ವಾರಕ್ಕೆ ಎರಡಿತ್ತು. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ 2024ರಲ್ಲಿ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ವರ್ಷದ ನಡುವೆ ಸೇರಿದ ಮಗುವಿನ ಹೆಸರು ಮೊಟ್ಟೆಯ ಪಟ್ಟಿಯಲ್ಲಿದೆಯೇ ಎಂದು ಮೊದಲ ದಿನವೇ ತರಗತಿ ಶಿಕ್ಷಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಹೆಸರು ಕೊರೆದ ತಟ್ಟೆ, ಲೋಟ ಕಳಿಸಿ.

ಊಟ ಬಾರದಿದ್ದರೆ

ಮೊದಲು ಮುಖ್ಯ ಶಿಕ್ಷಕರು, ಆಮೇಲೆ ಎಸ್‌ಡಿಎಂಸಿ. ಈ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರೇ ಹೆಚ್ಚು, ವಲಸೆ ಬಂದವರೂ ಸಭೆಯಲ್ಲಿ ಕೂರಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತ ದೂರು ಕೊಡಿ. ಮಕ್ಕಳ ಸಹಾಯವಾಣಿ 1098. ಆರು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿ, ಬಾಣಂತಿಯರಿಗೆ ಊಟ ಅಂಗನವಾಡಿಯಲ್ಲಿ, ಅಲ್ಲಿ ಹೆಸರು ಬರೆಸಿ. 2015ರ ಮಧ್ಯಾಹ್ನದ ಊಟದ ನಿಯಮಗಳ ಪ್ರಕಾರ ಎಂಟನೇ ತರಗತಿವರೆಗಿನ ಮಗುವಿಗೆ ಶಾಲೆಯ ದಿನ ಊಟ ತಪ್ಪಿದರೆ, ಅದರ ಬದಲಿಗೆ ಆಹಾರ ಭದ್ರತಾ ಭತ್ಯೆ ಮುಂದಿನ ತಿಂಗಳ 15ರೊಳಗೆ ಸಲ್ಲಬೇಕು. ಊಟ ಬಾರದ ದಿನಗಳ ತಾರೀಕನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ, ದೂರಿನಲ್ಲಿ ಅವನ್ನು ಬರೆಯಲೇಬೇಕು.