ನಡುರಾತ್ರಿ ಪರದೇಶದಲ್ಲಿ ಇಳಿದಾಗ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೆಚ್ಚೂಕಡಿಮೆ ನಾಲ್ಕು ಗಂಟೆಯ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಹೀಗಾಗಿ ರಾತ್ರಿ ಎಂಟಕ್ಕೆ ಹೊರಟವರು ಇಳಿಯುವಾಗ ಅಲ್ಲಿ ಒಂದೂವರೆ ಹೊಡೆದಿರುತ್ತದೆ. ನಗರಕ್ಕೆ ಹೋಗುವ ರೈಲು ನಿಂತಿರುತ್ತದೆ, ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ, ಅಜ್ಜಿಯ ಕಾಲು ಊದಿಕೊಂಡಿರುತ್ತದೆ. ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಖುಷಿಪಟ್ಟವರೇ ಆ ಹೊತ್ತಿನಲ್ಲಿ ಕೇಳಿದಷ್ಟು ಕೊಟ್ಟು ಯಾವುದೋ ಕಾರು ಹತ್ತುತ್ತಾರೆ. ರಾತ್ರಿ ವಿಮಾನವೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಬೆಳಗಿನ ಜಾವ ಎರಡು ಗಂಟೆಗೆ ಯಾರ ತಲೆಯೂ ನೆಟ್ಟಗೆ ಓಡುವುದಿಲ್ಲ. ತೀರ್ಮಾನಗಳನ್ನೆಲ್ಲ ಮನೆಯಲ್ಲಿ ಕುಳಿತೇ ಮಾಡಿಬಿಟ್ಟರೆ ಅಲ್ಲಿ ಸುಮ್ಮನೆ ನಡೆದುಕೊಂಡು ಹೋದರೆ ಸಾಕು. ಮೊದಲ ಸಲ ವಿದೇಶಕ್ಕೆ ಹೋಗುವ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಬ್ಯಾಂಕಾಕನ್ನೇ ಆರಿಸಿಕೊಳ್ಳುವುದರಿಂದ ಇಲ್ಲಿ ಆ ಊರನ್ನೇ ಮುಂದಿಟ್ಟುಕೊಂಡಿದ್ದೇನೆ.

ತಾರೀಖಿನ ಲೆಕ್ಕ

ನಿಮ್ಮ ವಿಮಾನ 15ನೇ ತಾರೀಖು ಬೆಳಗಿನ ಜಾವ 1.30ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಹೋಟೆಲನ್ನು ಯಾವ ತಾರೀಖಿನಿಂದ ಬುಕ್ ಮಾಡಬೇಕು? ಟಿಕೆಟ್‌ನಲ್ಲಿ 15 ಎಂದಿದೆ, ಹಾಗಾಗಿ ಕೈ ತಾನಾಗಿ 15ರ ಮೇಲೆ ಒತ್ತುತ್ತದೆ. ಆದರೆ 15ರ ರೂಮು ಕೈಗೆ ಸಿಗುವುದು ಅಂದು ಮಧ್ಯಾಹ್ನ ಎರಡು ಗಂಟೆಯ ಮೇಲೆ. ಬೆಳಗಿನ ಜಾವ ಮೂರಕ್ಕೆ ಹೋಗಿ ನಿಂತರೆ ಲಾಬಿಯ ಸೋಫಾ ತೋರಿಸುತ್ತಾರೆ, ಇಲ್ಲವೇ ಇನ್ನೊಂದು ರಾತ್ರಿಯ ಬಾಡಿಗೆ ಕೇಳುತ್ತಾರೆ, ಅದೂ ಆ ಕ್ಷಣದ ದರದಲ್ಲಿ. ನೀವು ಬುಕ್ ಮಾಡಬೇಕಾಗಿದ್ದದ್ದು 14ನೇ ತಾರೀಖಿನಿಂದ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ನಡುರಾತ್ರಿಗಲ್ಲ, ಸೂರ್ಯೋದಯಕ್ಕೆ. ಹೋಟೆಲಿನ ದಿನವೂ ಹಾಗೆಯೇ: ಬೆಳಕು ಹರಿಯುವವರೆಗೆ ನಿನ್ನೆಯದೇ ಲೆಕ್ಕ.

14ಕ್ಕೆ ಬುಕ್ ಮಾಡಿದರೂ ಕೆಲಸ ಅರ್ಧವಷ್ಟೇ ಆಯಿತು. ಹೋಟೆಲುಗಳಲ್ಲಿ ಸಾಮಾನ್ಯವಾಗಿ ರಾತ್ರಿ ಪಾಳಿಯವರು ಬೆಳಗಿನ ಜಾವ ಎರಡು ಮೂರರ ಹೊತ್ತಿಗೆ ಆ ದಿನದ ಲೆಕ್ಕ ಮುಗಿಸುತ್ತಾರೆ. ಅಷ್ಟರೊಳಗೆ ಬಾರದವರ ಹೆಸರಿನ ಮುಂದೆ ‘ನೋ ಶೋ’ ಎಂದು ಬೀಳುತ್ತದೆ. ಹಾಗೆ ಬಿದ್ದರೆ ಕೆಲವು ಕಡೆ ಮೊದಲ ರಾತ್ರಿಯ ಜೊತೆಗೆ ಉಳಿದ ರಾತ್ರಿಗಳ ಬುಕಿಂಗೂ ಹೋಗುತ್ತದೆ. ಬುಕಿಂಗ್ ಮಾಡಿದ ಕೂಡಲೇ ಹೋಟೆಲಿಗೆ ನೇರವಾಗಿ ಒಂದು ಇಮೇಲ್ ಕಳಿಸಿ. ವಿಮಾನದ ಸಂಖ್ಯೆ, ಇಳಿಯುವ ಸಮಯ, ಹೋಟೆಲ್ ತಲುಪುವ ಅಂದಾಜು ಗಂಟೆ, ‘14ರ ರಾತ್ರಿಯ ರೂಮಿಗೆ 15ರ ಬೆಳಗಿನ ಜಾವ ಬರುತ್ತೇವೆ, ರೂಮು ಇಟ್ಟಿರಿ’ ಎಂಬ ಒಂದು ಸಾಲು, ಇಷ್ಟು ಸಾಕು. ಬುಕಿಂಗ್ ಆ್ಯಪ್‌ನಲ್ಲಿ ‘ಬರುವ ಸಮಯ’ ಎಂಬ ಖಾನೆ ಇರುತ್ತದಲ್ಲ, ಅದನ್ನು ತುಂಬಿ ಸುಮ್ಮನಾಗಬೇಡಿ. ಅದನ್ನು ಎಲ್ಲರೂ ನೋಡುತ್ತಾರೆಂಬ ಖಾತ್ರಿಯಿಲ್ಲ. ಉತ್ತರ ಬಂದರೆ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಎರಡು ದಿನವಾದರೂ ಬಾರದಿದ್ದರೆ ಫೋನ್ ಮಾಡಿ. ಚಿಕ್ಕ ಗೆಸ್ಟ್‌ಹೌಸ್ ಆದರೆ ಇನ್ನೊಂದು ಪ್ರಶ್ನೆಯೂ ಇದೆ: ರಾತ್ರಿ ಬಾಗಿಲು ತೆಗೆಯಲು ಯಾರಿರುತ್ತಾರೆ? ಹತ್ತು ಗಂಟೆಗೆ ಗೇಟಿಗೆ ಬೀಗ ಹಾಕಿಕೊಂಡು ಮಲಗುವ ಜಾಗಗಳು ಎಲ್ಲ ಊರಲ್ಲೂ ಇವೆ. ಬಾಗಿಲಿಗೆ ನಂಬರ್ ಒತ್ತಿ ಒಳಹೋಗುವ ವ್ಯವಸ್ಥೆ ಎಂದರೆ ಆ ನಂಬರು ಹೊರಡುವ ಮುನ್ನವೇ ನಿಮ್ಮ ಕೈಯಲ್ಲಿರಬೇಕು.

ಇನ್ನು ಐದು, ಆರು ಗಂಟೆಗೆ ಇಳಿಯುವವರ ವಿಷಯ. ಹಿಂದಿನ ರಾತ್ರಿಯ ಬಾಡಿಗೆ ತೆರಬೇಕೇ? ನಾಲ್ಕರೊಳಗೆ ಇಳಿದರೆ ಎರಡನೆಯ ಮಾತಿಲ್ಲದೆ ರೂಮು ಹಿಡಿಯಿರಿ, ಐದರ ನಂತರವಾದರೆ ಬೇಡ ಎನ್ನುತ್ತೇನೆ. ಇಳಿದು ಹೊರಬರುವಷ್ಟರಲ್ಲಿ ಬೆಳಕಾಗಿರುತ್ತದೆ, ರೈಲೂ ಶುರುವಾಗಿರುತ್ತದೆ. ಹೋಟೆಲಿಗೆ ಹೋಗಿ ಲಗೇಜು ಇಟ್ಟು ತಿರುಗಾಡಲು ಹೊರಡಬಹುದು; ಲಗೇಜು ಇಟ್ಟುಕೊಳ್ಳಲು ಸಾಮಾನ್ಯವಾಗಿ ಯಾರೂ ದುಡ್ಡು ಕೇಳುವುದಿಲ್ಲ. ಖಾಲಿ ರೂಮಿದ್ದರೆ ಬೇಗ ಕೊಟ್ಟರೂ ಕೊಟ್ಟರು, ನಂಬಿ ಕೂರಬೇಡಿ. ವಯಸ್ಸಾದವರು, ಹಸುಗೂಸು ಜೊತೆಗಿದ್ದರೆ ಈ ಲೆಕ್ಕವೆಲ್ಲ ಬಿಟ್ಟು ರೂಮು ಹಿಡಿಯುವುದೇ ಸರಿ.

ಮನೆಯಲ್ಲೇ ಮುಗಿಸಬೇಕಾದ್ದು

ಥಾಯ್ಲೆಂಡ್‌ಗೆ ಹೋಗುವ ವಿದೇಶಿಯರೆಲ್ಲ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲೇಬೇಕು. ಇಳಿಯುವುದಕ್ಕೆ ಮೂರು ದಿನ ಮೊದಲಿನಿಂದ ಅರ್ಜಿ ತೆರೆದಿರುತ್ತದೆ, ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ನಕಲಿ ಎಂದೇ ತಿಳಿಯಿರಿ. ಥಾಯ್ ಸರ್ಕಾರದ ವಿಳಾಸ ‘ಜಿಒ ಡಾಟ್ ಟಿಎಚ್’ ಎಂದು ಮುಗಿಯುತ್ತದೆ. ಸಿಂಗಪುರ, ಮಲೇಷ್ಯಾದಲ್ಲೂ ಇಂಥದ್ದೇ ಕಾರ್ಡ್ ಇದೆ, ಅಲ್ಲೂ ಮೂರು ದಿನದ ಲೆಕ್ಕವೇ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲಿ ಆಯಾ ರಾಯಭಾರ ಕಚೇರಿಯ ತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಎರಡನೆಯದು ಬ್ಯಾಂಕ್ ಕಾರ್ಡು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವಂತೆ ಬರುತ್ತವೆ. ವಿದೇಶಿ ಬಳಕೆಯನ್ನು ನೀವೇ ಬ್ಯಾಂಕ್ ಆ್ಯಪ್‌ನಲ್ಲಿ ತೆರೆಯಬೇಕು. ಕಾರ್ಡಿನಲ್ಲಿ ದುಡ್ಡಿದ್ದೂ ಎಟಿಎಂ ಉಗುಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹೊರಡುವ ಮುನ್ನ ತೆರೆದು, ಮಿತಿಯನ್ನೂ ಗೊತ್ತುಮಾಡಿಕೊಳ್ಳಿ. ಅದರ ಹಿಂದೆಯೇ ಒಟಿಪಿ ಕಾಟ. ಒಟಿಪಿ ಬರುವುದು ನಿಮ್ಮ ಇಲ್ಲಿನ ನಂಬರಿಗೆ. ಅಲ್ಲಿ ಹೋಗಿ ಬೇರೆ ಸಿಮ್ ಹಾಕಿದಿರೋ, ಬಾಗಿಲು ಮುಚ್ಚಿತು. ಅದಕ್ಕೇ ಊರಿನ ಸಿಮ್ ತೆಗೆಯದೆ ರೋಮಿಂಗ್ ತೆರೆದಿಟ್ಟು, ಇಂಟರ್‌ನೆಟ್ಟಿಗೆ ಇ-ಸಿಮ್ ಹಾಕಿಕೊಂಡರೆ ಅನುಕೂಲ. ಗ್ರಾಬ್ ಆ್ಯಪ್ ಕೂಡ ಬೆಂಗಳೂರಿನಲ್ಲೇ ಹಾಕಿಕೊಂಡು ಕಾರ್ಡ್ ಜೋಡಿಸಿ. ನಮ್ಮಲ್ಲಿ ಓಲಾ, ಊಬರ್ ಹೇಗೋ ಆಗ್ನೇಯ ಏಷ್ಯಾದಲ್ಲಿ ಗ್ರಾಬ್ ಹಾಗೆ.

ಕೊನೆಗೆ ಒಂದು ಹಾಳೆ. ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರು, ಇವನ್ನು ಥಾಯ್ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿ. ರಾತ್ರಿ ಟ್ಯಾಕ್ಸಿ ಚಾಲಕರಿಗೆ ಇಂಗ್ಲಿಷ್ ವಿಳಾಸ ಓದಲು ಕಷ್ಟ, ಅದರಲ್ಲೂ ಒಂದೇ ಹೆಸರಿನ ಹೋಟೆಲುಗಳು ನಾಲ್ಕಾರು ಇರುವ ಊರಿನಲ್ಲಿ. ಫೋನಿನ ಬ್ಯಾಟರಿ ಸತ್ತರೂ ಹಾಳೆ ಸಾಯುವುದಿಲ್ಲ. ಹೋಟೆಲ್ ಬುಕಿಂಗ್ ಮತ್ತು ಹಿಂದಿರುಗುವ ಟಿಕೆಟ್ಟಿನ ಪ್ರತಿಯೂ ಅದರ ಜೊತೆಗಿರಲಿ, ಇಮಿಗ್ರೇಷನ್‌ನವರು ಕೇಳುವುದುಂಟು.

ಸುವರ್ಣಭೂಮಿಯಿಂದ ಹೋಟೆಲಿಗೆ

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ. 2006ರಲ್ಲಿ ಶುರುವಾದ ಸುವರ್ಣಭೂಮಿ ಪೂರ್ವಕ್ಕಿದೆ, ಹಳೆಯ ಡಾನ್ ಮುವಾಂಗ್ ಉತ್ತರಕ್ಕಿದೆ. ಕಡಿಮೆ ದರದ ಕೆಲವು ವಿಮಾನಗಳು ಇಳಿಸುವುದು ಡಾನ್ ಮುವಾಂಗ್‌ನಲ್ಲಿ, ಟಿಕೆಟ್ ನೋಡಿಕೊಂಡೇ ಹೋಟೆಲಿನ ಬಡಾವಣೆ ಆರಿಸಿ.

ಸುವರ್ಣಭೂಮಿಯ ರೈಲು ನಡುರಾತ್ರಿ ಹೊತ್ತಿಗೆ ನಿಂತು, ಬೆಳಿಗ್ಗೆ ಐದೂವರೆಯ ಸುಮಾರಿಗೆ ಮತ್ತೆ ಶುರುವಾಗುತ್ತದೆ. ನಗರದೊಳಗಿನ ಕೊನೆಯ ನಿಲ್ದಾಣ ಫಯಾ ಥೈಗೆ 45 ಬಾತ್, ಅರ್ಧ ಗಂಟೆಯೂ ಹಿಡಿಯದು. ವಿಮಾನ 11ಕ್ಕೆ ಇಳಿಯುತ್ತದೆ, ಕೊನೆಯ ರೈಲು ಸಿಕ್ಕೀತು ಎಂದು ಆಸೆಪಡಬೇಡಿ. ಇಮಿಗ್ರೇಷನ್ ಸಾಲು, ಲಗೇಜಿನ ಬೆಲ್ಟು ಸೇರಿ ಒಂದು ಗಂಟೆ ಹೋಗುತ್ತದೆ. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಫಯಾ ಥೈನಲ್ಲಿ ಇಳಿದಾಗ ಊರೊಳಗೆ ಮುಂದಕ್ಕೆ ಒಯ್ಯುವ ಮೆಟ್ರೊ ರೈಲು ಸ್ಕೈಟ್ರೈನ್ ಹೋಗಿರುತ್ತದೆ. ಆಗ ರಸ್ತೆಯಲ್ಲಿ ಪೆಟ್ಟಿಗೆ ಎಳೆದುಕೊಂಡು ಟ್ಯಾಕ್ಸಿ ಹುಡುಕುವುದಕ್ಕಿಂತ ವಿಮಾನ ನಿಲ್ದಾಣದ ಟ್ಯಾಕ್ಸಿಯೇ ವಾಸಿ.

ಹೊರಬರುವುದು ಎರಡನೇ ಲೆವೆಲ್ಲಿಗೆ. ಅಲ್ಲೇ ‘ಟ್ಯಾಕ್ಸಿ ಸರ್, ಟ್ಯಾಕ್ಸಿ ಮೇಡಂ’ ಎಂದು ಬೆನ್ನು ಹತ್ತುವವರಿರುತ್ತಾರೆ. ಉತ್ತರ ಕೊಡದೆ ಎಸ್ಕಲೇಟರ್‌ನಲ್ಲಿ ಒಂದನೇ ಲೆವೆಲ್ಲಿಗೆ ಇಳಿಯಿರಿ. ಹೊರಗೆ ಎಟಿಎಂನಂಥ ಯಂತ್ರಗಳ ಸಾಲು. ಗುಂಡಿ ಒತ್ತಿದರೆ ಒಂದು ಚೀಟಿ ಬರುತ್ತದೆ, ಅದರಲ್ಲಿ ನಿಮ್ಮ ಕಾರು ನಿಂತಿರುವ ಅಂಕಣದ ಸಂಖ್ಯೆ ಇರುತ್ತದೆ. ಪೆಟ್ಟಿಗೆ ಹೆಚ್ಚಿದ್ದರೆ ದೊಡ್ಡ ಗಾಡಿಯ ಯಂತ್ರವೇ ಬೇರೆ. ಚೀಟಿಯನ್ನು ಚಾಲಕ ಕೇಳಿದರೂ ಕೊಡಬೇಡಿ. ಅದರಲ್ಲಿ ಗಾಡಿಯ ವಿವರವಿರುತ್ತದೆ, ಏನಾದರೂ ಬಿಟ್ಟುಬಂದರೆ, ದೂರು ಕೊಡಬೇಕಾದರೆ ಅದೇ ಆಧಾರ. ಹತ್ತುವ ಮುನ್ನ ‘ಮೀಟರ್’ ಎನ್ನಿ, ಆ ಪದ ಅಲ್ಲೂ ಮೀಟರ್ರೇ. ಮೀಟರ್ ಮೇಲೆ ವಿಮಾನ ನಿಲ್ದಾಣದ ಶುಲ್ಕ 50 ಬಾತ್, ಎಕ್ಸ್‌ಪ್ರೆಸ್ ರಸ್ತೆ ಹಿಡಿದರೆ ಟೋಲ್ ನಿಮ್ಮದು. ನಗರದ ನಡುವಿಗೆ ಒಟ್ಟು 300ರಿಂದ 400 ಬಾತ್‌ನ ಆಸುಪಾಸು ಆಗುತ್ತದೆ. ಟೋಲ್ ರಸ್ತೆಯಲ್ಲಿ ಹೋಗೋಣವೇ ಎಂದು ಚಾಲಕ ಕೇಳುತ್ತಾನೆ. ಎರಡು ಗಂಟೆ ರಾತ್ರಿಯಲ್ಲಿ ಕೆಳಗಿನ ರಸ್ತೆಯೂ ಖಾಲಿ, ಬೇಡ ಎಂದರೆ ನಷ್ಟವಿಲ್ಲ.

ಚಿಲ್ಲರೆಯೇ ಇಲ್ಲಿ ದೊಡ್ಡ ತಲೆನೋವು. ಎಟಿಎಂ ಕೊಡುವುದು ಹೆಚ್ಚಾಗಿ 1000 ಬಾತ್‌ನ ನೋಟು, ಚಾಲಕನ ಬಳಿ ಮುರಿಯಲು ಇರುವುದಿಲ್ಲ, ಇದ್ದರೂ ಇಲ್ಲವೆನ್ನುತ್ತಾನೆ. ಜೊತೆಗೆ ವಿದೇಶಿ ಕಾರ್ಡಿಗೆ ಅಲ್ಲಿನ ಎಟಿಎಂಗಳು ಪ್ರತಿ ಸಲ 200 ಬಾತ್ ಮೇಲೆ ಶುಲ್ಕ ಕೀಳುತ್ತವೆ. ಬೆಂಗಳೂರಿನಲ್ಲೇ ಎರಡು ಮೂರು ಸಾವಿರ ಬಾತ್ ಕೊಂಡು, ನೂರರ ನೋಟು ಕೇಳಿ ಪಡೆಯಿರಿ. ಉಳಿದದ್ದನ್ನು ಮರುದಿನ ನಗರದಲ್ಲಿ ಬದಲಾಯಿಸಿದರಾಯಿತು. ನಿಲ್ದಾಣದೊಳಗಿನ ಬ್ಯಾಂಕ್ ಕೌಂಟರ್‌ಗಳ ದರ ಅಷ್ಟಕ್ಕಷ್ಟೆ. ಎಟಿಎಂ ಅಥವಾ ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಡಿಯಲೇ, ಬಾತ್‌ನಲ್ಲಿ ಕಡಿಯಲೇ’ ಎಂದು ಕೇಳಿದರೆ ಬಾತ್ ಎನ್ನಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಸೋರುತ್ತದೆ.

ಒಬ್ಬರೇ ಇರುವ ಹೆಣ್ಣುಮಕ್ಕಳು ಹತ್ತುವ ಮುನ್ನ ನಂಬರ್ ಪ್ಲೇಟಿನ ಫೋಟೊ ತೆಗೆದು ಮನೆಗೆ ಕಳಿಸಿ, ಚಾಲಕನಿಗೆ ಕಾಣುವ ಹಾಗೆಯೇ ತೆಗೆಯಿರಿ. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ನಂಬರು 1155.

ಬೇರೆ ಊರುಗಳಲ್ಲಿ

ಸಿಂಗಪುರದ ಟ್ಯಾಕ್ಸಿಗಳು ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಮೀಟರ್ ಮೇಲೆ ಅರ್ಧದಷ್ಟು ಹೆಚ್ಚು ಪಡೆಯುತ್ತವೆ. ನಾಲ್ಕಕ್ಕೆ ಇಳಿದರೆ ಚಾಂಗಿಯಲ್ಲೇ ಕುಳಿತು ಮೊದಲ ಮೆಟ್ರೊ ಹಿಡಿಯುವುದು ಲೇಸು, ಕೂರಲು ಅಷ್ಟು ಚೆಂದದ ನಿಲ್ದಾಣ ಇನ್ನೊಂದಿಲ್ಲ. ಗಂಟೆ ಲೆಕ್ಕದಲ್ಲಿ ರೂಮು ಕೊಡುವ ಹೋಟೆಲೂ ಅಲ್ಲಿದೆ. ಕ್ವಾಲಾಲಂಪುರದ ನಿಲ್ದಾಣ ಊರಿನಿಂದ ಐವತ್ತು ಕಿಲೊಮೀಟರ್‌ಗೂ ಆಚೆ; 28 ನಿಮಿಷದ ರೈಲು ನಿಂತ ಮೇಲೆ ಟ್ಯಾಕ್ಸಿ ಬಾಡಿಗೆ ಚೆನ್ನಾಗಿ ಏರುತ್ತದೆ, ಅಲ್ಲಿ ಆ ರಾತ್ರಿಯನ್ನು ನಿಲ್ದಾಣದ ಪಕ್ಕದ ಹೋಟೆಲಿನಲ್ಲೇ ಕಳೆಯುವುದು ಜಾಣತನ. ದುಬೈ ನಿಲ್ದಾಣದ ಟ್ಯಾಕ್ಸಿ ಮೀಟರ್ 25 ದಿರ್ಹಮ್‌ನಿಂದಲೇ ಶುರು. ಲಂಡನ್ನಿನ ಹೀಥ್ರೊದಿಂದ ಪಿಕಡಿಲಿ ಮಾರ್ಗದ ರೈಲು ರಾತ್ರಿಯಿಡೀ ಓಡುವುದು ಶುಕ್ರವಾರ, ಶನಿವಾರ ಮಾತ್ರ, ಅದೂ ನಾಲ್ಕನೇ ಟರ್ಮಿನಲ್ಲಿಗಿಲ್ಲ. ಪ್ಯಾರಿಸ್‌ನ ಷಾರ್ಲ್ ದ ಗಾಲ್‌ನಿಂದ ಊರೊಳಗೆ ಟ್ಯಾಕ್ಸಿಗೆ ನಿಗದಿತ ದರವಿದೆ, ರಾತ್ರಿಯೆಂದು ಹೆಚ್ಚು ಕೇಳುವಂತಿಲ್ಲ.

ಹೋಟೆಲಿನ ಕೌಂಟರಿನಲ್ಲಿ

ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಿ. ಥಾಯ್ಲೆಂಡಿನಲ್ಲಿ ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸುವುದು ಹೋಟೆಲಿನವರ ಕರ್ತವ್ಯ. ಆದರೆ ಪ್ರತಿ ತೆಗೆದ ಕೂಡಲೇ ವಾಪಸು ಇಸಿದುಕೊಳ್ಳಿ, ‘ಡೆಪಾಸಿಟ್ಟಿಗೆ ಇರಲಿ’ ಎಂದರೆ ಒಪ್ಪಬೇಡಿ. ಡೆಪಾಸಿಟ್ ಎಂದರೆ ದುಡ್ಡು ಕೊಡಿ. ಕ್ರೆಡಿಟ್ ಕಾರ್ಡಿನಲ್ಲಾದರೆ ಅಷ್ಟು ಮೊತ್ತವನ್ನು ತಡೆಹಿಡಿದು ಹೊರಡುವಾಗ ಬಿಡುತ್ತಾರೆ. ಡೆಬಿಟ್ ಕಾರ್ಡಿನಲ್ಲಾದರೆ ಖಾತೆಯಿಂದ ಹಣವೇ ಹೋಗಿ, ತಿರುಗಿ ಬರಲು ದಿನಗಟ್ಟಲೆ ಹಿಡಿಯುತ್ತದೆ. ನಗದು ಕೊಟ್ಟರೆ ರಸೀದಿ ಪಡೆದು ಪಾಸ್‌ಪೋರ್ಟಿನೊಳಗೇ ಇಡಿ. ಆನ್‌ಲೈನ್‌ನಲ್ಲಿ ಪೂರ್ತಿ ಕಟ್ಟಿದ್ದರೂ ಕೆಲವು ದೇಶಗಳಲ್ಲಿ ಪ್ರವಾಸಿ ತೆರಿಗೆಯನ್ನು ಕೌಂಟರಿನಲ್ಲೇ ಕೇಳುತ್ತಾರೆ. ಮಲೇಷ್ಯಾದಲ್ಲಿ ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್, ದುಬೈಯಲ್ಲಿ ಹೋಟೆಲಿನ ದರ್ಜೆ ನೋಡಿ 7ರಿಂದ 20 ದಿರ್ಹಮ್. ಇದು ಮೋಸವಲ್ಲ, ಜಗಳಕ್ಕೆ ನಿಲ್ಲಬೇಡಿ.

ತಡವಾಗಿ ಬಂದವರಿಗೆ ಸಿಗುವುದು ಉಳಿದ ರೂಮು: ಲಿಫ್ಟಿನ ಪಕ್ಕದ್ದೋ, ಅಡುಗೆಮನೆಯ ಹೊಗೆಗಂಡಿಯ ಮೇಲಿನದ್ದೋ. ಪೆಟ್ಟಿಗೆ ಬಿಚ್ಚುವ ಮೊದಲು ಬಿಸಿನೀರು, ಎಸಿ, ಬಾಗಿಲಿನ ಒಳಚಿಲಕ ನೋಡಿ. ಚಿಲಕ ಸರಿಯಿಲ್ಲದಿದ್ದರೆ ಆಗಲೇ ಬದಲಿಸಿ, ಮಿಕ್ಕದ್ದೆಲ್ಲ ಬೆಳಿಗ್ಗೆ ಪಾಳಿ ಬದಲಾದ ಮೇಲೆ ನಗುನಗುತ್ತಾ ಕೇಳಿದರೆ ಸಿಗುತ್ತದೆ. ದೀಪ ಹತ್ತುತ್ತಿಲ್ಲ ಎಂದು ಗಾಬರಿಯಾಗಬೇಡಿ. ಬಾಗಿಲ ಪಕ್ಕದ ಗೋಡೆಯಲ್ಲಿ ಕೀ ಕಾರ್ಡ್ ಸಿಕ್ಕಿಸುವ ಸೀಳು ಇರುತ್ತದೆ, ಕಾರ್ಡ್ ಇಟ್ಟರೆ ಕರೆಂಟು. ಸಿಂಗಪುರ, ಮಲೇಷ್ಯಾ, ದುಬೈಗಳಲ್ಲಿ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು, ಅಡಾಪ್ಟರ್ ಕೈಚೀಲದಲ್ಲೇ ಇರಲಿ.

ಹೊಟ್ಟೆಯ ವಿಷಯ. ಬ್ಯಾಂಕಾಕ್‌ನಲ್ಲಿ ಮೂಲೆಮೂಲೆಗೂ ರಾತ್ರಿಯಿಡೀ ತೆರೆದ ಸೆವೆನ್-ಇಲೆವೆನ್ ಅಂಗಡಿಗಳಿವೆ. ಆದರೆ ಸಸ್ಯಾಹಾರಿಗಳಿಗೆ ಅಲ್ಲಿ ಬ್ರೆಡ್ಡು, ಬಾಳೆಹಣ್ಣು, ಮೊಸರಿನಾಚೆ ಹೆಚ್ಚು ಸಿಗದು. ತರಕಾರಿಯಂತೆ ಕಂಡದ್ದರಲ್ಲೂ ಮೀನಿನ ರಸ ಇರುತ್ತದೆ. ಒಗ್ಗರಣೆ ಹಾಕಿದ ಗೊಜ್ಜವಲಕ್ಕಿ ಪುಡಿಯ ಒಂದು ಪೊಟ್ಟಣ, ರೂಮಿನ ಕೆಟಲ್, ಹತ್ತು ನಿಮಿಷ. ದುಬೈ, ಸಿಂಗಪುರಕ್ಕೆ ಹೋಗುವವರು ಮಾತ್ರ ಅಮ್ಮ ಕಟ್ಟಿಕೊಟ್ಟ ಡಬ್ಬಿಗಳನ್ನು ಒಮ್ಮೆ ತೆರೆದು ನೋಡಿ: ಎರಡೂ ಕಡೆ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಗಸಗಸೆ ಹಾಕಿದ ಮಸಾಲೆಪುಡಿ, ಸಿಹಿ ಮನೆಯಲ್ಲೇ ಇರಲಿ.

ಹಿಂದಿರುಗುವ ದಿನ

ವಾಪಸು ವಿಮಾನ 20ನೇ ತಾರೀಖು ರಾತ್ರಿ 12.40ಕ್ಕೆ ಎಂದಿದ್ದರೆ ನೀವು ಹೋಟೆಲಿನಿಂದ ಹೊರಡಬೇಕಾದದ್ದು 19ರ ರಾತ್ರಿ ಎಂಟೂವರೆ, ಒಂಬತ್ತಕ್ಕೆ. 20ರ ರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ರೂಮು ಖಾಲಿ ಮಾಡಬೇಕಾದದ್ದು 19ರ ಮಧ್ಯಾಹ್ನ ಹನ್ನೆರಡಕ್ಕೆ, ನಡುವೆ ಎಂಟು ಒಂಬತ್ತು ಗಂಟೆ ಉಳಿಯುತ್ತದೆ. ಸಂಜೆ ಆರರವರೆಗೆ ಅರ್ಧ ಬಾಡಿಗೆಗೆ ಕೊಡುವಿರಾ ಎಂದು ಹಿಂದಿನ ದಿನವೇ ಕೇಳಿ, ಸೀಸನ್ ಅಲ್ಲದಿದ್ದರೆ ಒಪ್ಪುತ್ತಾರೆ. ಇಲ್ಲವೆಂದರೆ ಲಗೇಜನ್ನು ಅವರ ಬಳಿಯೇ ಬಿಟ್ಟು ಚೀಟಿ ಪಡೆಯಿರಿ. ಈಜುಕೊಳವಿರುವ ಹೋಟೆಲಾದರೆ ಅಲ್ಲಿನ ಷವರ್‌ನಲ್ಲಿ ಸ್ನಾನ ಮಾಡಲು ಸಾಮಾನ್ಯವಾಗಿ ಬಿಡುತ್ತಾರೆ, ಒಂದು ಜೊತೆ ಬಟ್ಟೆ ಮೇಲೇ ಇಟ್ಟುಕೊಂಡಿರಿ. ಸಂಜೆ ಐದರಿಂದ ಎಂಟರವರೆಗೆ ಬ್ಯಾಂಕಾಕ್‌ನ ರಸ್ತೆಗಳು ನಮ್ಮ ಸಿಲ್ಕ್‌ಬೋರ್ಡನ್ನು ನೆನಪಿಸುತ್ತವೆ. ಆ ಹೊತ್ತಿಗೆ ಟ್ಯಾಕ್ಸಿ ಬೇಡ, ಸ್ಕೈಟ್ರೈನ್‌ನಲ್ಲಿ ಫಯಾ ಥೈಗೆ ಬಂದು ರೈಲು ಹಿಡಿಯಿರಿ. ಬರುವಾಗ ಸಿಗದಿದ್ದ ರೈಲು ಹೋಗುವಾಗ ಸಿಗುತ್ತದೆ.