ಗಣಿ ಮುಚ್ಚಿದ ಮೇಲೆ ಉಳಿಯುವ ನೆಲ: ಕೋಲಾರದ ನಿದರ್ಶನ

ಉದ್ಯಮ ನಿಂತರೂ ಅದು ನೆಲದಲ್ಲಿ ಬಿಟ್ಟುಹೋದ ಮಾಲಿನ್ಯ ನಿಲ್ಲುವುದಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆ.ಜಿ.ಎಫ್. ಇದಕ್ಕೆ ಕನ್ನಡ ನಾಡಿನ ದೊಡ್ಡ ನಿದರ್ಶನ.

1880ರಲ್ಲಿ ಜಾನ್ ಟೇಲರ್ ಸಂಸ್ಥೆಯೊಡನೆ ಇಲ್ಲಿ ಆಧುನಿಕ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಬಳಿಕ ಸಾವಿರಾರು ಜನ ದುಡಿಮೆಗಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವಂತಾಯಿತು.

ಊರಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣಿನ ರಾಶಿಗಳಿವು. ತೂಕ ಸುಮಾರು 3.3 ಕೋಟಿ ಟನ್ನು. ಬಿಸಿಲು ಗಾಳಿಗಳಲ್ಲಿ ಸೈನೈಡ್ ಕ್ರಮೇಣ ವಿಘಟಿಸುತ್ತದೆ. ಸಿಲಿಕಾ ಮತ್ತು ಭಾರಲೋಹಗಳು ವಿಘಟಿಸುವುದಿಲ್ಲ. ಗಾಳಿ ಬೀಸಿದಾಗ ಧೂಳು ಮನೆಗಳನ್ನು ಸೇರುತ್ತದೆ. ಮಳೆಯಲ್ಲಿ ಮಣ್ಣು ತಗ್ಗಿಗೆ ಹರಿಯುತ್ತದೆ.

ಇಂಥ ನೆಲವನ್ನು ಪರಿಶೀಲಿಸುವಾಗ ಮೂರು ಪ್ರಶ್ನೆಗಳು ಮುಖ್ಯ: ವಿಷವಸ್ತು ಎಲ್ಲಿದೆ? ಯಾವ ಮಾರ್ಗದಲ್ಲಿ ಚಲಿಸುತ್ತದೆ? ಯಾರನ್ನು ತಲುಪುತ್ತದೆ? ಇದಕ್ಕೆ ಮಣ್ಣು, ನೀರು, ಧೂಳುಗಳ ಮಾದರಿಗಳನ್ನು ಪರೀಕ್ಷಿಸಬೇಕು. ಹಳೆಯ ಕಾರ್ಮಿಕರ ನೆನಪನ್ನೂ ಕೇಳಬೇಕು. ಮೂಲವನ್ನು ತೆಗೆಯಲಾಗದಿದ್ದರೂ ಮಣ್ಣು ಹೊದಿಸಿ, ಹುಲ್ಲು ಬೆಳೆಸಿ ಮಾರ್ಗವನ್ನು ತಡೆಯಬಹುದು.

2024ರಲ್ಲಿ ದಿಬ್ಬಗಳಿಂದ ಉಳಿಕೆ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಅಗೆತದಿಂದ ಕೆಲಸ ಸಿಗಬಹುದು. ಅಡಗಿದ ಧೂಳೂ ಏಳಬಹುದು. ಆದ್ದರಿಂದ ಚಿನ್ನದ ಲೆಕ್ಕಕ್ಕಿಂತ ಮೊದಲು ನೆಲ, ನೀರು, ಉಸಿರುಗಳ ಲೆಕ್ಕ ಸಿದ್ಧವಾಗಬೇಕು.

ಇಟಿಕ್ಯಾಲದ ಪಶ್ಚಿಮಕ್ಕೆ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ಗಣಿ ನಡೆಯುವಾಗಲೇ ಅದರ ಮುಕ್ತಾಯವನ್ನು ಯೋಜಿಸಬೇಕೆಂಬುದು ಕೋಲಾರದ ಪಾಠ.